ಎಮಿಲಿಯ ಮೊದಲ ಮಾತು

ಅಲ್ರೀ ಸ್ನೇಹಿತರೇ, ಇವತ್ತು ಶಾಲೆಯಲ್ಲಿ ನಡೆದದ್ದನ್ನು ನಿಮಗೆ ಹೇಳಲೇಬೇಕು.

ಅಮೆರಿಕದ ಕಾರು ಕಾರ್ಖಾನೆಗಳ ಊರಾದ ಸ್ಟರ್ಲಿಂಗ್ ಹೈಟ್ಸ್‌ನ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಟೀಚರ್‌ಗೆ ಸಹಾಯಕಿ. ಐದು ವರ್ಷದ ಎಮಿಲಿಯನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅವಳಿಗೆ ಕಿವಿ ಚೆನ್ನಾಗಿ ಕೇಳುತ್ತದೆ, ಆದರೆ ಈವರೆಗೆ ಒಂದು ಮಾತೂ ಆಡಿದವಳಲ್ಲ. ಕೈ ತೊಳೆಸುವಾಗ, ಹಾಲು ಬಗ್ಗಿಸುವಾಗ ನಾನು ಅಂಗೈ ಅಡ್ಡ ಹಿಡಿದು "ಸಾಕು" ಅನ್ನುತ್ತೇನೆ. ದಿನವಿಡೀ ಇಂಗ್ಲಿಷ್ ಆಡಿದರೂ ಆ ಒಂದು ಕನ್ನಡದ ಮಾತು ಮಾತ್ರ ನನ್ನ ಬಾಯಿಂದ ಹೋಗಿಲ್ಲ.

ಇವತ್ತು ತಿಂಡಿಯ ಹೊತ್ತಿಗೆ ಪ್ರಿನ್ಸಿಪಾಲರು ಬಂದು ನಮ್ಮ ಮೇಜಿನ ಪಕ್ಕದಲ್ಲೇ ಕೂತರು. "ನಿಮ್ಮಂಥವರು ಸಿಗೋದೇ ಕಷ್ಟ. ಆದ್ರೆ ಕಾರ್ ಪ್ಲಾಂಟ್‌ಗಳು ಮುಚ್ತಿವೆ, ಬಜೆಟ್ ಇಲ್ಲ. ಜೂನ್ ಆದ್ಮೇಲೆ ನಿಮ್ಮ ಪೊಸಿಷನ್ ಇರಲ್ಲ" ಎಂದು ಇಂಗ್ಲಿಷಿನಲ್ಲಿ, ಬೆಣ್ಣೆಯಿಂದ ಕೂದಲು ತೆಗೆದಂತೆ ಹೇಳಿದರು. ನಾನು ತಲೆ ತಗ್ಗಿಸಿ ಮೇಜು ಒರೆಸತೊಡಗಿದೆ. ಅವರು ಮತ್ತೆ ನನ್ನನ್ನು ಹೊಗಳಲು ಶುರುಮಾಡಿದರು.

ಎಮಿಲಿ ಹಾಲಿನ ಲೋಟ ಕೆಳಗಿಟ್ಟಳು. ಅವರ ಮುಖಕ್ಕೆ ಅಂಗೈ ಅಡ್ಡ ಹಿಡಿದಳು.

"ಸಾಕು!"

ಟೀಚರ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅತ್ತೇಬಿಟ್ಟರು. ಆ ಮಗುವಿನ ಮೊಟ್ಟಮೊದಲ ಮಾತು, ಅದೂ ಕನ್ನಡದಲ್ಲಿ!

"ಅಯ್ಯೋ, ಮಾತಾಡಿದ್ಲು! ಏನಂದ್ಲು?" ಪ್ರಿನ್ಸಿಪಾಲರಿಗೆ ಖುಷಿಯೋ ಖುಷಿ.

"ಥ್ಯಾಂಕ್ ಯೂ ಅಂದ್ಲು" ಎಂದೆ.

ಏನು ಮಾಡಲಿ, ಜೂನ್‌ವರೆಗಾದರೂ ಕೆಲಸ ಉಳಿಯಬೇಕಲ್ಲ!