ಗೋಡೆಗೆ ಹಿಡಿಸದ ಅರ್ಧ ಉತ್ತರ

ಮನುಷ್ಯ ಹುಟ್ಟಿರುವುದು ಯಾಕೆ ಎಂದು ಯೋಚಿಸಿ ಯೋಚಿಸಿ ದೊಡ್ಡ ದೊಡ್ಡ ಜ್ಞಾನಿಗಳು ತಲೆಕೂದಲು ಉದುರಿಸಿಕೊಂಡಿದ್ದಾರೆ. ನಮ್ಮ ಬೋರ್ಡು ಪೇಂಟರಿಗೆ ಆ ತೊಂದರೆಯಿಲ್ಲ. ಉತ್ತರ ಎಷ್ಟು ಎತ್ತರ, ಯಾವ ಬಣ್ಣ ಎನ್ನುವುದು ಕೂಡ ಅವನಿಗೆ ಗೊತ್ತು. ಒಂದೊಂದು ಅಕ್ಷರ ಹದಿನಾಲ್ಕು ಇಂಚು, ಕಡುನೀಲಿ, ಚರ್ಚಿನ ಒಳಗೆ ಪ್ರಸಂಗಪೀಠದ ಹಿಂದಿನ ಗೋಡೆ. ಮೂವತ್ತೆಂಟು ವರ್ಷದ ಹಿಂದೆ ಅವನೇ ಬರೆದದ್ದು. ಬರೆದದ್ದು ಅರ್ಧ ಮಾತ್ರ.

ಆಗ ಅವನಿಗೆ ಇಪ್ಪತ್ತಾರು ವಯಸ್ಸು. ಕ್ಷೌರದಂಗಡಿ, ಸೈಕಲ್ ರಿಪೇರಿ, 'ಇಲ್ಲಿ ಕಸ ಹಾಕಬಾರದು' ಇಂಥವುಗಳಲ್ಲಿ ಕೈ ಪಳಗಿತ್ತು. ಚರ್ಚಿನ ಸಭೆಯ ಹಿರಿಯರೊಬ್ಬರು ಅವನನ್ನು ಕರೆಸಿ ಒಂದು ಚೀಟಿ ಕೊಟ್ಟರು. ಭಾನುವಾರ ಶಾಲೆಯ ಮಕ್ಕಳಿಗೆ ಕಲಿಸುವ ಉತ್ತರವನ್ನು ಅದರಲ್ಲಿ ತಮ್ಮ ದುಂಡಗಿನ ಕೈಬರಹದಲ್ಲೇ ಬರೆದಿದ್ದರು: 'ಮನುಷ್ಯನ ಬಾಳಿನ ಗುರಿ ದೇವರನ್ನು ಘನಪಡಿಸುವುದು, ಆತನಲ್ಲಿ ಎಂದೆಂದಿಗೂ ಆನಂದಿಸುವುದು.'

"ಅಕ್ಷರ ದೊಡ್ಡದಾಗಿರಲಿ. ಹಿಂದಿನ ಬೆಂಚಲ್ಲಿ ತೂಕಡಿಸೋರಿಗೂ ಕಣ್ಣಿಗೆ ಚುಚ್ಚಬೇಕು" ಎಂದರು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಅಕ್ಷರ ಬರೆಯುವವನು ಮೊದಲು ಗೋಡೆ ಅಳೆಯಬೇಕು, ಸೀಮೆಸುಣ್ಣದಲ್ಲಿ ಗೆರೆ ಹಾಕಿಕೊಳ್ಳಬೇಕು. ಅವನು ಅಳೆಯಲಿಲ್ಲ. ಯಾಕೆಂದರೆ ಹಿರಿಯರ ಮಗಳು ಅಲ್ಲೇ ಹಾಡಿನ ಪುಸ್ತಕಗಳ ಧೂಳು ಕೊಡವುತ್ತಿದ್ದಳು. ಅವನ ಮೂಗಿನ ಮೇಲೆ ನೀಲಿ ಬಣ್ಣ ಬಿದ್ದದ್ದು ಕಂಡು ನಕ್ಕಳು. ಎಂಥ ನಗು! ಮೊದಲು ಬಿಕ್ಕಳಿಕೆಯಂತೆ ಒಂದು ಚಿಕ್ಕ ಸದ್ದು, ಅದನ್ನು ಅದುಮಲು ಒಂದು ವ್ಯರ್ಥ ಪ್ರಯತ್ನ, ಆಮೇಲೆ ಇಡೀ ಚರ್ಚು ತುಂಬುವಷ್ಟು. ಆ ಗುಂಗಿನಲ್ಲೇ ಪೇಂಟರು ಬರೆಯುತ್ತ ಹೋದ. 'ಘನಪಡಿಸುವುದು' ಮುಗಿಯುವ ಹೊತ್ತಿಗೆ ಗೋಡೆಯೂ ಮುಗಿದಿತ್ತು.

ಹಿರಿಯರು ಬಂದು ನೋಡಿದರು. "ಉಳಿದದ್ದು?"

"ಗೋಡೇಲಿ ಹಿಡಿಸ್ಲಿಲ್ಲ, ಸರ್."

ಅವರು ಗಲ್ಲ ಕೆರೆದುಕೊಂಡರು. "ಸಾಕು ಬಿಡು. ಮುಖ್ಯವಾದದ್ದು ಬಂತಲ್ಲ. ಆ ಬಾಲ ಇಲ್ದಿದ್ರೆ ಲೋಕ ಏನೂ ಮುಳುಗಿಹೋಗಲ್ಲ."

ಒರೆಸಿ ಚಿಕ್ಕದಾಗಿ ಬರೆದುಕೊಡುತ್ತೇನೆ ಎನ್ನಬಹುದಿತ್ತು. ಎರಡು ದಿನದ ಕೆಲಸ. ಆದರೆ ಹಿರಿಯರು ಅಕ್ಷರ ಮೆಚ್ಚಿ ಬೆನ್ನು ತಟ್ಟುತ್ತಿದ್ದರು, ಅವನ ಕಣ್ಣು ಅವರ ಮಗಳ ಮೇಲಿತ್ತು. ಹೆಣ್ಣು ಬೇಕಾದವನು ಹೆಣ್ಣಿನ ಅಪ್ಪನ ತಪ್ಪು ಎತ್ತಿ ತೋರಿಸುತ್ತಾನೆಯೇ? ತುಟಿ ಪಿಟಿಕ್ಕೆನ್ನದೆ ಬ್ರಷ್ಷು ತೊಳೆದುಕೊಂಡ. ಚೀಟಿಯನ್ನು ಬ್ರಷ್ಷಿನ ಡಬ್ಬಿಗೆ ಹಾಕಿದ. ಆರು ತಿಂಗಳಲ್ಲಿ ಮದುವೆಯಾಯಿತು.

ಮುಂದೆ ಆ ಅರ್ಧ ಉತ್ತರ ಮಾಡಿದ ಘನಕಾರ್ಯ ಅಷ್ಟಿಷ್ಟಲ್ಲ. ಮಕ್ಕಳು ಗೋಡೆ ನೋಡಿಯೇ ಬಾಯಿಪಾಠ ಮಾಡಿದರು, ಅವರ ಮಕ್ಕಳೂ ಮಾಡಿದರು. ಹಿರಿಯರು ಗೋಡೆಯನ್ನು ಕಾನೂನು ಮಾಡಿಕೊಂಡರು. ಹಾಡುವಾಗ ಚಪ್ಪಾಳೆ ಇಲ್ಲ. 'ಹರ್ಷಿಸಿರಿ' ಎಂಬ ಹಾಡನ್ನೂ ಹೆಣ ಹೊರುವ ಗತಿಯಲ್ಲೇ ಹಾಡಬೇಕು. ಮಕ್ಕಳು ಕಿಸಕ್ಕೆಂದರೆ ಹೊರಗೆ ನಿಲ್ಲಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಿದೆ. ಇಲ್ಲಿ ಪಾಪ ಪಾದ್ರಿಗಳೂ ಕೊಡಲು ಸಿದ್ಧರಿದ್ದರು, ಹಿರಿಯರು ಬಿಡಲಿಲ್ಲ. ಐವರು ಪಾದ್ರಿಗಳು ಬಂದರು, ಹೋದರು, ಹಿರಿಯರು ಮುಂದಿನ ಬೆಂಚಿನಿಂದ ಅಲ್ಲಾಡಲಿಲ್ಲ. ಒಟ್ಟಿನಲ್ಲಿ ಭಾನುವಾರ ಬೆಳಿಗ್ಗೆ ಅಲ್ಲಿ ದೇವರಿಗೆ ಸಲ್ಲುತ್ತಿದ್ದ ಘನತೆ ನೋಡಿದರೆ, ದೇವರಿಗೇ ಗಾಬರಿಯಾಗಿ ಯಾರು ಸತ್ತರು ಎಂದು ಕೇಳಬೇಕು.

ಮೊದಮೊದಲು ಇದು ಪೇಂಟರಿಗೆ ತಮಾಷೆಯಾಗಿಯೇ ಇತ್ತು, ಮದುವೆಯಾದ ಮೂರನೆಯ ಭಾನುವಾರದವರೆಗೆ. ಅಂದು ಪಾದ್ರಿಯ ಕನ್ನಡಕ ಜಾರಿ ನೀರಿನ ಲೋಟಕ್ಕೆ ಬಿತ್ತು. ಹೆಂಡತಿ ನಕ್ಕಳು. ಹಿರಿಯರು ಎದ್ದು ನಿಂತು, ಇಡೀ ಸಭೆಯ ಎದುರಿಗೆ, "ನಗೋದಕ್ಕಾ ನೀನು ಹುಟ್ಟಿರೋದು? ಗೋಡೆ ಓದು" ಎಂದರು. ಅವಳು ಓದಿದಳು, ಜೋರಾಗಿ, ನಿಂತುಕೊಂಡು, ಗಂಡನ ಕೈಯಕ್ಷರವನ್ನು. ಅಂದಿನಿಂದ ಅಪ್ಪನ ಮುಂದೆ ಅವಳು ನಗಲಿಲ್ಲ. ಬರಬರುತ್ತ ಗಂಡನ ಮುಂದೆಯೂ ನಿಂತುಹೋಯಿತು. ಯಾವ ನಗುವಿಗಾಗಿ ಅವನು ಬಾಯಿ ಮುಚ್ಚಿಕೊಂಡಿದ್ದನೋ ಅದೇ ನಗುವನ್ನು ಅವನ ಗೋಡೆ ನುಂಗಿತು. ಮಾಡಿದ್ದುಣ್ಣೋ ಮಹರಾಯ.

ಈಗ ಹಿರಿಯರಿಗೆ ಎಂಬತ್ತಾರು. ಮಗಳ ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮಂಚದ ಮೇಲಿದ್ದಾರೆ. ಕಣ್ಣು ಮಂಜು. ಡಾಕ್ಟರು ಹೃದಯದ ಬಗ್ಗೆ ಹೇಳುವಾಗ ಮಗಳನ್ನು ಆಚೆ ಕರೆದು ಹೇಳುತ್ತಾರೆ. ಇಷ್ಟು ವರ್ಷ ದೇವರ ಪರವಾಗಿ ಎಲ್ಲರನ್ನೂ ಗದರಿಸಿದ ಮನುಷ್ಯ ಈಗ ಅದೇ ದೇವರ ಎದುರು ಹೋಗುವುದಕ್ಕೆ ಹೆದರುತ್ತಿದ್ದಾರೆ.

"ಒಂದು ಭಾನುವಾರಾನೂ ತಪ್ಪಿಸಿಲ್ಲ ಅಲ್ವೇನಮ್ಮಾ? ಸಾಕಾಗುತ್ತಾ?" ಎಂದು ದಿನಾ ಕೇಳುತ್ತಾರೆ.

"ಸಾಕಾಗುತ್ತಪ್ಪಾ" ಎಂದು ಮಗಳು ಮಾತ್ರೆ ಕೊಡುತ್ತಾಳೆ. ಅಪ್ಪ, ಮಗಳು ಇಬ್ಬರೂ ಸರ್ಕಾರಿ ಕಚೇರಿಯ ಬೆಂಚಿನ ಮೇಲೆ ಕೂತವರ ಹಾಗೆ ಮುಖ ಬಿಗಿದುಕೊಂಡಿರುತ್ತಾರೆ. ಪೇಂಟರು ಬಾಗಿಲಲ್ಲಿ ನಿಂತು ಇದನ್ನು ದಿನಾ ನೋಡುತ್ತಾನೆ. ಮಾವ ಕಣ್ಣು ಮುಚ್ಚುವ ಮೊದಲು ಆ ಉಳಿದರ್ಧ ಗೋಡೆ ಹತ್ತಲೇಬೇಕು ಎಂದು ಅವನು ನಿಶ್ಚಯಿಸಿದ್ದು ಆ ಬಾಗಿಲಲ್ಲೇ.

ಅವಕಾಶ ತಾನಾಗಿಯೇ ಬಂತು. ಚರ್ಚಿನ ಗೋಡೆಗೆ ತೇವ ಹಿಡಿದು, ಹೊಸದಾಗಿ ಸುಣ್ಣ ಬಳಿದು ಮತ್ತೆ ಬರೆಯಬೇಕಾಯಿತು.

"ಹಳೇದು ಹೇಗಿತ್ತೋ ಹಾಗೇ ಇರಲಿ" ಎಂದರು ಹಿರಿಯರು ಮಂಚದಿಂದಲೇ.

"ಮಾವ, ಇನ್ನರ್ಧ ಇತ್ತಲ್ಲ..."

"ಯಾವ ಅರ್ಧ? ಇದ್ದಿದ್ರೆ ಗೋಡೆ ಮೇಲೆ ಇರ್ತಿರ್ಲಿಲ್ವಾ?"

ತಾವೇ ಕತ್ತರಿಸಿದ್ದು ತಮಗೇ ಮರೆತುಹೋಗಿತ್ತು. ಇಂಥವರ ಜೊತೆ ವಾದ ಮಾಡಿ ಗೆದ್ದ ಅಳಿಯ ಇನ್ನೂ ಹುಟ್ಟಿಲ್ಲ. ಪೇಂಟರು ಹೂಂ ಎಂದು ಹೋದ. ಈ ಸಲ ಗೋಡೆಯನ್ನು ಮೂರು ಬಾರಿ ಅಳೆದ. ಅಕ್ಷರ ಏಳೇ ಇಂಚು ಮಾಡಿ, ಪೂರ್ತಿ ವಾಕ್ಯವನ್ನು ಪೆನ್ಸಿಲಿನಲ್ಲಿ ತೆಳುವಾಗಿ ಗುರುತು ಹಾಕಿದ. ಆಮೇಲೆ ಏಣಿಯನ್ನು ಬಲಗಡೆಗೆ ಎಳೆದು, ಎರಡನೆಯ ಅರ್ಧಕ್ಕೆ ಮೊದಲು ಬಣ್ಣ ತುಂಬಿದ. ಯಾರಾದರೂ ನಡುವೆ ಬಂದು 'ಸಾಕು ಬಿಡು' ಎಂದರೆ ಈ ಬಾರಿ ಬಿಟ್ಟುಹೋಗುವುದು ಮೊದಲನೆಯ ಅರ್ಧವಾಗಲಿ ಎಂಬ ಹಂಚಿಕೆ. ಶನಿವಾರದೊಳಗೆ ಎಲ್ಲ ಮುಗಿಸುವ ಅಂದಾಜಿತ್ತು. ಆದರೆ ಅರವತ್ತನಾಲ್ಕರ ಭುಜ ಗುರುವಾರ ಸಂಜೆಯೇ ಮುಷ್ಕರ ಹೂಡಿತು. ಕೈ ಮೇಲೆತ್ತಲಾಗದೆ ಅವನು ಮನೆಗೆ ಬಂದ.

ಹೀಗೆ ಭಾನುವಾರ ಬೆಳಿಗ್ಗೆ ಸಭೆಯವರು ಬಂದು ಕೂತಾಗ ಎದುರಿನ ಗೋಡೆಯ ಎಡಭಾಗವೆಲ್ಲ ಬಿಳಿ. ಬಲಭಾಗದಲ್ಲಿ ಹೊಳೆಯುವ ನೀಲಿಯಲ್ಲಿ ಇದ್ದದ್ದು ಇಷ್ಟೇ: 'ಆತನಲ್ಲಿ ಎಂದೆಂದಿಗೂ ಆನಂದಿಸುವುದು.' ಸಭೆಯವರು ಯಾರದೋ ಗುಟ್ಟು ಓದಿದವರಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊಸ ಪಾದ್ರಿ, ಚಿಕ್ಕ ವಯಸ್ಸಿನವರು, ಕೆಳಗೆ ನಿಂತು ಮೇಲಕ್ಕೆ ನೋಡಿ ಏನೂ ಗೊತ್ತಿಲ್ಲದವರ ಹಾಗೆ ಪುಸ್ತಕ ತಿರುವಿದರು.

ಹಿರಿಯರನ್ನು ಮಗಳು, ಅಳಿಯ ಎರಡೂ ಕಡೆ ಹಿಡಿದು ಕರೆತಂದು ಮುಂದಿನ ಬೆಂಚಿನಲ್ಲಿ ಕೂರಿಸಿದರು. ಅವರು ಕಣ್ಣು ಕಿರಿದು ಮಾಡಿ ಒಂದೊಂದೇ ಪದ ಕೂಡಿಸಿದರು. ಕಿವಿ ಮಂದವಾದ್ದರಿಂದ ಅವರ ಪಿಸುಮಾತು ಹಿಂದಿನ ಬೆಂಚಿಗೂ ಕೇಳುತ್ತಿತ್ತು.

"ಆತನಲ್ಲಿ... ಎಂದೆಂದಿಗೂ... ಏನಿದು? ಘನಪಡಿಸುವುದು ಎಲ್ಲಿ?"

"ಅದಕ್ಕೆ ಜಾಗ ಬಿಟ್ಟಿದ್ದೀನಿ ಮಾವ" ಎಂದ ಪೇಂಟರು. "ಅದು ಎಲ್ಲರಿಗೂ ಬಾಯಿಪಾಠ ಆಗಿದೆಯಲ್ಲ, ಅವಸರ ಇಲ್ಲ ಅಂತ."

ಆಗ ಪಕ್ಕದಲ್ಲಿ ಬಿಕ್ಕಳಿಕೆಯಂತೆ ಒಂದು ಸದ್ದಾಯಿತು. ಅವಳು ಸೆರಗು ಬಾಯಿಗೆ ತುರುಕಿಕೊಂಡಳು. ಪ್ರಯೋಜನವಾಗಲಿಲ್ಲ. ಮೂವತ್ತೆಂಟು ವರ್ಷದ ನಗು, ಒಂದೇ ಸಲಕ್ಕೆ ಬಂತು. ಸಭೆಯೆಲ್ಲ ಹಿರಿಯರನ್ನು ನೋಡಿತು. ಪೇಂಟರು ಬ್ರಷ್ಷಿನ ಡಬ್ಬಿಯಿಂದ ತಂದಿದ್ದ ಹಳೆಯ ಚೀಟಿಯನ್ನು ಜೇಬಿನಿಂದ ತೆಗೆದು ಅವರ ಕೈಗಿಟ್ಟ. ಹಿರಿಯರು ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ಅಂಚಿಗೆ ನೀಲಿ ಬಣ್ಣ ಹತ್ತಿತ್ತು. ಅಕ್ಷರಗಳು ಅವರವೇ, ದುಂಡಗಿನವು.

ಗದರಿಕೆ ಬರಲಿಲ್ಲ. ಅವರು ಮಗಳ ಕಡೆ ತಿರುಗಿದರು.

"ಇದು ನನಗೂ ಸೇರುತ್ತೇನಮ್ಮಾ?"

ಅವಳು ಕಣ್ಣು ಒರೆಸಿಕೊಂಡಳು, ಇನ್ನೂ ನಗುತ್ತಲೇ ಇದ್ದಳು. "ಬರೆದವರೇ ನೀವಲ್ವಾ ಅಪ್ಪಾ" ಎಂದು ಅವರ ಕೈ ಹಿಡಿದಳು. ಅಂದು ಹಾಡು ಎಂದಿನಂತೆಯೇ ನಿಧಾನವಾಗಿ ಹೊರಟಿತು. ಎರಡನೆಯ ಚರಣದಲ್ಲಿ ಹಿಂದಿನ ಬೆಂಚಿನವರು ಯಾರೋ ಸ್ವಲ್ಪ ವೇಗ ಹೆಚ್ಚಿಸಿದರು, ಯಾರೂ ತಡೆಯಲಿಲ್ಲ.

ಮರುದಿನ ಪೇಂಟರು ಭುಜಕ್ಕೆ ಎಣ್ಣೆ ಹಚ್ಚಿಕೊಂಡು, ಉಳಿದದ್ದನ್ನು ಮುಗಿಸಿಬರುತ್ತೇನೆಂದು ಬ್ರಷ್ಷಿನ ಡಬ್ಬಿ ಎತ್ತಿಕೊಂಡ. ಮುಂದಿನ ಕೋಣೆಯಿಂದ ಹಿರಿಯರು ಕೂಗಿದರು.

"ಭುಜ ಪೂರ್ತಿ ವಾಸಿಯಾಗ್ಲಿ ಬಿಡಪ್ಪಾ. ಒಂದೆರಡು ವಾರ ಅದು ಹಾಗೇ ಇರಲಿ."