ಮೂರು ಜನಕ್ಕೆ ಅಡಿಗೆ

ಐನೂರು ಜನರ ಹುಳಿಗೆ ಉಪ್ಪು ಹಾಕುವಾಗ ತಿಮ್ಮಣ್ಣ ಭಟ್ಟರು ರುಚಿ ನೋಡುತ್ತಿರಲಿಲ್ಲ. ನೈವೇದ್ಯಕ್ಕೆ ಮೊದಲು ನಾಲಿಗೆಗೆ ತಾಗಿಸುವಂತಿಲ್ಲವಲ್ಲ. ಕೊಪ್ಪರಿಗೆಯ ಮೇಲೆ ಬಾಗಿ ಹಬೆಯನ್ನು ಒಮ್ಮೆ ಮೂಸಿ, ಇನ್ನರ್ಧ ಮುಷ್ಟಿ ಎಸೆದು ತಿರುವಿದರೆ ಮುಗಿಯಿತು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಸಿದ್ದಾಪುರದ ಸುತ್ತಿನಲ್ಲಿ ಮದುವೆಯ ದಿನ ಗೊತ್ತು ಮಾಡುವ ಮೊದಲು ಭಟ್ಟರಿಗೆ ಅಂದು ಬಿಡುವಿದೆಯೇ ಎಂದು ವಿಚಾರಿಸುವವರಿದ್ದರು. ಅಂಥ ಮನುಷ್ಯ ಮೂರು ಜನಕ್ಕೆ ಅನ್ನ ಸಾರು ಮಾಡಲು ಹೋಗಿ ಸೋತದ್ದನ್ನು ನಾನು ಹತ್ತಿರದಿಂದ ಕಂಡೆ. ಊರೆಲ್ಲ ನಗುತ್ತಿದ್ದರೂ ಹಟ ಹಿಡಿದು ಕಲಿತದ್ದನ್ನೂ ಕಂಡೆ.

ತೊಂಬತ್ತರ ದಶಕದ ನಡುವೆ ನಾನು ಅವರ ಊರಿನ ಗ್ರಾಮ ಪಂಚಾಯತಿಗೆ ಕಾರ್ಯದರ್ಶಿಯಾಗಿ ಹೋದೆ. ನನ್ನದು ಹಾನಗಲ್ಲಿನ ಕಡೆಯ ಹಳ್ಳಿ, ಮೊದಲ ನೌಕರಿ, ಮದುವೆಯಾಗಿರಲಿಲ್ಲ. ಭಟ್ಟರ ಮನೆಯ ಹೊರಗಿನ ಕೋಣೆ ಬಾಡಿಗೆಗೆ ಸಿಕ್ಕಿತು, ಊಟವೂ ಅಲ್ಲೇ. ಅವರಿಗೆ ಒಬ್ಬಳೇ ಮಗಳು. ಮದುವೆಯಾಗಿ ಯಲ್ಲಾಪುರದ ಕಡೆ ಹೋಗಿದ್ದಳು. ಮನೆಯಲ್ಲಿ ಉಳಿದವರು ಭಟ್ಟರು ಮತ್ತು ಅವರ ಹೆಂಡತಿ ಭಾಗೀರಥಕ್ಕ.

ಆ ಸಲ ಅಧ್ಯಕ್ಷರ ಕುರ್ಚಿ ಮಹಿಳೆಗೆ ಮೀಸಲಾಗಿತ್ತು. ಭಟ್ಟರ ಅಣ್ಣ ರಾಮಣ್ಣ ಹೆಗಲ ಮೇಲೆ ಶಾಲು ಹಾಕಿಕೊಂಡು ಊರಿನ ಎಲ್ಲ ಪಂಚಾಯ್ತಿಕೆಗೂ ಮುಂದಾಳಾಗಿ ಕೂರುವವರು. ತಮ್ಮನ ಹೆಂಡತಿಯನ್ನು ನಿಲ್ಲಿಸಿ ಗೆಲ್ಲಿಸಿದ್ದೂ ಅವರೇ. ಹೆಸರು ಅವಳದಿರಲಿ, ಆಡಳಿತ ನಾವು ನೋಡಿಕೊಂಡರಾಯಿತು ಎಂಬುದು ಅವರ ಎಣಿಕೆ. ಭಾಗೀರಥಕ್ಕ ಏಳನೆಯ ತರಗತಿಯವರೆಗೆ ಓದಿದವರು. ನೋಟೀಸನ್ನು ಬೆರಳಿಟ್ಟು ನಿಧಾನವಾಗಿ ಓದುತ್ತಿದ್ದರು, ಆದರೆ ಓದದೆ ಬಿಡುತ್ತಿರಲಿಲ್ಲ.

ಮೊದಮೊದಲು ಅವರು ತಿಂಡಿ ಮುಗಿಸಿ, ಮಧ್ಯಾಹ್ನದ ಅಡಿಗೆ ಮಾಡಿಟ್ಟು ಆಫೀಸಿಗೆ ಓಡಿ ಬರುತ್ತಿದ್ದರು. ಒಂದು ದಿನ ಬರುವಾಗ ತಡವಾಯಿತು. ಅಷ್ಟರಲ್ಲಿ ಸದಸ್ಯರು ಸಭೆ ನಡೆಸಿ, ಠರಾವು ಬರೆಸಿ, ಅಧ್ಯಕ್ಷರ ಸಹಿಗೆ ಜಾಗ ಬಿಟ್ಟು ಕುಳಿತಿದ್ದರು. ಬರೆದವನು ನಾನೇ. ಹೊಸಬ, ಬೇಡ ಎನ್ನುವ ಧೈರ್ಯವಿರಲಿಲ್ಲ. ಅಕ್ಕನ ಮೊಣಕೈಯಲ್ಲಿ ಇನ್ನೂ ಹಿಟ್ಟು ಅಂಟಿತ್ತು. ಸಹಿ ಹಾಕಿ ಎದ್ದುಹೋದರು.

ಮರುದಿನ ಬೆಳಿಗ್ಗೆ ಚಾ ತಂದುಕೊಟ್ಟವರು ಭಟ್ಟರು. ಅರ್ಧ ಲೋಟ ಚಾ, ಕಾಲು ಲೋಟ ಸಕ್ಕರೆ.

"ಇವತ್ತಿಂದ ಒಲೆ ಯಂದು, ಸೆಕ್ರೆಟ್ರಿಯವ್ರೆ" ಎಂದರು. ಅವರ ಹವ್ಯಕ ಮಾತಿನಲ್ಲಿ ‘ಆನು’ ಎಂದರೆ ನಾನು, ‘ಯಂದು’ ನನ್ನದು, ‘ಯಂಗೆ’ ನನಗೆ, ‘ಅವು’ ಅವರು ಎಂಬುದು ನನಗೆ ಅಷ್ಟರಲ್ಲಿ ರೂಢಿಯಾಗಿತ್ತು. "ಅಧ್ಯಕ್ಷರು ಹತ್ತು ಗಂಟೆಗೆ ಸರಿಯಾಗಿ ಆಫೀಸಿಗೆ ಬತ್ತ. ಅವು ಬಪ್ಪ ಮೊದಲು ನೀವು ಒಂದಕ್ಷರ ಬರೆದ್ರೆ ನಿಮಗೆ ಅನ್ನ ಇಲ್ಲೆ."

ಭಾಗೀರಥಕ್ಕ ಹೆದರಿ, ನೀವೂ ನನ್ನ ಜೊತೆ ಸಭೆಗೆ ಬನ್ನಿ ಎಂದು ಕರೆದರಂತೆ. ಅದಕ್ಕೆ ಭಟ್ಟರು ಹೇಳಿದ್ದು ನನಗೇ ಕೇಳಿಸಿತು: "ಆನು ಬಂದ್ರೆ ನಿನ್ನ ಕುರ್ಚಿ ಯಂಗೆ ಬತ್ತು. ಬತ್ನಿಲ್ಲೆ."

ಆ ಮೊದಲ ವಾರದ ಊಟ ಮರೆಯುವಂಥದ್ದಲ್ಲ. ಅನ್ನ ಹನ್ನೆರಡು ಜನಕ್ಕಾಗುವಷ್ಟು. ಸಾರಿಗೆ ಹಾಕಿದ ಉಪ್ಪಿಗೆ ನಮ್ಮೂರಿನ ಎತ್ತೂ ಮುಖ ತಿರುಗಿಸಬೇಕು. ಮುಷ್ಟಿಯಲ್ಲಿ ಅಳೆದ ಕೈಗೆ ಚಿಟಿಕೆ ಬರುತ್ತಿರಲಿಲ್ಲ. ಸೋಮವಾರ ಕುಂಬಳಕಾಯಿ ಹುಳಿ ಮಾಡಿದರು. ಅದು ಬುಧವಾರದವರೆಗೂ ಬಂತು. ಗುರುವಾರ ಬೆಳಿಗ್ಗೆ ಅಡಿಗೆಮನೆಯ ಹೊಸ್ತಿಲ ಮೇಲೆ ತಲೆ ಮೇಲೆ ಕೈ ಹೊತ್ತು ಕುಳಿತಿದ್ದರು.

"ಯಾಕ್ರಿ ಭಟ್ರ, ಆರಾಮಿಲ್ಲೇನು?" ಎಂದೆ.

"ಮದುವೆ ಅಡಿಗೆಗೆ ನಾಳೆ ಹೇಳದು ಇಲ್ಲೆ ಮಾರಾಯ್ರೆ. ಉಂಡ್ರು, ಹೋದ್ರು, ಪಾತ್ರೆ ತೊಳೆದ್ರೆ ಆತು. ಮನೆ ಅಡಿಗೆಗೆ ದಿನಾ ನಾಳೆ ಬತ್ತು. ಇಪ್ಪತ್ತೆಂಟು ವರ್ಷ ಇವಳು ಈ ನಾಳೆ ಎಲ್ಲ ಹೆಂಗೆ ನಿಭಾಯಿಸಿದಾಳೋ."

ಸಭೆಗೆ ನಾವು ಮೊದಲೇ ಕಾರ್ಯಸೂಚಿ ಬರೆದು ಹಂಚುತ್ತೇವಲ್ಲ, ಹಾಗೊಂದು ಬರೆದುಕೊಳ್ಳಿ ಎಂದೆ. ತಮಾಷೆಗೆ ಹೇಳಿದ್ದು. ಅವರು ಕೈಚಾಚಿ "ಕಾಗದ ಕೊಡಿ" ಎಂದರು. ಹಳೆಯ ನೋಟೀಸಿನ ಬೆನ್ನಿಗೆ ಏಳು ಗೆರೆ ಎಳೆದೆವು. ಭಾಗೀರಥಕ್ಕ ಪಕ್ಕದಲ್ಲಿ ನಿಂತು ಹೇಳಿಕೊಟ್ಟರು. ಸೋಮವಾರ ಒಂದೆಲಗ ಅರೆದು ಮಜ್ಜಿಗೆ ಬೆರೆಸಿದ ತಂಬ್ಳಿ, ಸೌತೆಕಾಯಿ ಪಲ್ಯ. ಮಂಗಳವಾರ ಬಸಳೆ ಹುಳಿ. ಬುಧವಾರ ಹೆಸರುಕಾಳು. ತಂಬ್ಳಿಯ ದಿನವೇ ಮರುದಿನದ ದೋಸೆಗೆ ನೆನೆಹಾಕಬೇಕು. ಹುಳಿಗೆ ತೆಂಗಿನಕಾಯಿ ಒಡೆದ ದಿನ ಉಳಿದ ಅರ್ಧ ಚಟ್ನಿಗೆ. ಇದನ್ನೆಲ್ಲ ಅಕ್ಕ ಇಷ್ಟು ವರ್ಷ ಯಾವ ಕಾಗದವೂ ಇಲ್ಲದೆ ತಲೆಯಲ್ಲಿ ಹೊತ್ತು ತಿರುಗುತ್ತಿದ್ದರೆಂದು ಭಟ್ಟರಿಗೂ ಗೊತ್ತಿರಲಿಲ್ಲ. ಬರೆಯುತ್ತ ಬರೆಯುತ್ತ ಅವರ ಮುಖ ಸಣ್ಣದಾಯಿತು. ಶನಿವಾರದ ಗೆರೆಯ ಮುಂದೆ ಮಾತ್ರ ತಾವೇ "ಪ್ರಯೋಗ" ಎಂದು ಬರೆದರು. ವಾರಕ್ಕೊಂದು ತಿಳಿಯದ ಅಡಿಗೆ ಕಲಿಯಬೇಕು, ಅದೂ ಸುಲಭದ್ದು.

ಮೊದಲ ಶನಿವಾರ ನನ್ನ ಸಲುವಾಗಿ ಜೋಳದ ರೊಟ್ಟಿ. ಸಿರ್ಸಿಯ ಸಂತೆಯಿಂದ ಹಿಟ್ಟು ತರಿಸಿದ್ದರು. ಅಲ್ಲಿಯವರೆಗೆ ನನಗೆ ಜಗುಲಿಯಲ್ಲೇ ಬಡಿಸುತ್ತಿದ್ದರು, ನಾನೂ ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಅಂದು ಭಟ್ಟರು ಒಳಗಿನಿಂದ ಕೂಗಿದರು: "ಒಳಗೆ ಬನ್ನಿ, ಇದು ಹೆಂಗೆ ಬಡಿಯದು ತೋರ್ಸಿ!"

"ನಮ್ಮವ್ವ ಬಡಿಯೋದು ನೋಡೇನ್ರಿ, ನಾ ಬಡಿದಿಲ್ಲ."

"ಆನೂ ಬಡಿದಿದ್ನಿಲ್ಲೆ. ಇಬ್ರೂ ಬಡಿಯನ."

ಇಬ್ಬರೂ ಬಡಿದೆವು. ರೊಟ್ಟಿ ಹರಿದು ಹಂಚಿಗೆ ಅಂಟಿತು. ಭಾಗೀರಥಕ್ಕ ಬಾಗಿಲಲ್ಲಿ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬಿಸಿನೀರಲ್ಲಿ ಹಿಟ್ಟು ನಾದಬೇಕೆಂದು ಊರಿಗೆ ಹೋದಾಗ ಅವ್ವನನ್ನು ಕೇಳಿಕೊಂಡು ಬಂದೆ. ನಾಲ್ಕನೆಯ ಶನಿವಾರ ರೊಟ್ಟಿ ಉಬ್ಬಿತು. ಆಮೇಲೆ ನನಗೆ ಜಗುಲಿಯ ಊಟ ತಪ್ಪಿತು. ಅಡಿಗೆಮನೆಯಲ್ಲೇ ಮಣೆ ಹಾಕಿದರು.

ಇನ್ನೊಂದು ಶನಿವಾರದ ಗುರು ಕೆಳಕೇರಿಯ ಮಾದೇವಿ. ಅವಳೂ ಪಂಚಾಯತಿ ಸದಸ್ಯೆ, ಕೂಲಿಗೆ ಹೋಗಿಬಂದು ಸಭೆಗೆ ಬರುವವಳು. ಭಟ್ಟರ ಮನೆಯ ಮೆಟ್ಟಿಲ ಮೇಲೆ ಕುಳಿತು ಹುರುಳಿ ಸಾರು ಹೇಳಿಕೊಟ್ಟಳು. "ಬೆಳ್ಳುಳ್ಳಿ ಒಗ್ಗರಣೇನೇ ಆಗ್ಬೇಕು ಭಟ್ರೆ. ಇಂಗು ಗಿಂಗು ಹಾಕಿ ಕೆಡಿಸ್ಬ್ಯಾಡಿ." ಮದುವೆಯ ಅಡಿಗೆಯಲ್ಲಿ ಎಂದೂ ಬೆಳ್ಳುಳ್ಳಿ ಮುಟ್ಟದ ಮನುಷ್ಯ ಅಂದು ಒಂದು ಗಡ್ಡೆ ಜಜ್ಜಿದರು. ವಾಸನೆ ಅಕ್ಕಪಕ್ಕದ ಮನೆಗಳಿಗೆಲ್ಲ ಹೋಯಿತು. ಹೋಗಲಿ ಎಂದೇ ಕಿಟಕಿ ತೆರೆದಿಟ್ಟಿದ್ದರು.

ಊರು ಆಡಿಕೊಳ್ಳುತ್ತಿತ್ತು. ಕಾಗದ ಪತ್ರ ಹಿಡಿದು ಬಂದವರು ಅಭ್ಯಾಸಬಲದಿಂದ ಭಟ್ಟರನ್ನು ಹುಡುಕಿಕೊಂಡು ಹಿತ್ತಲಿಗೆ ಹೋಗುತ್ತಿದ್ದರು. ಅಲ್ಲಿ ಇವರು ಸೊಪ್ಪು ಸೋಸುತ್ತ ಕುಳಿತಿರುತ್ತಿದ್ದರು. "ಸಹಿ ಬೇಕಾದ್ರೆ ಆಫೀಸಿಗೆ ಹೋಗಿ. ಮಜ್ಜಿಗೆ ಬೇಕಾದ್ರೆ ಕೂತ್ಕಳ್ಳಿ" ಎನ್ನುವರು. ಹೆಚ್ಚಿನವರು ಮಜ್ಜಿಗೆ ಕುಡಿದು ಆಫೀಸಿಗೆ ಬರುತ್ತಿದ್ದರು.

ರಾಮಣ್ಣ ಹಾಗೆ ಹೋಗುವವರಲ್ಲ. ಸರಕಾರದಿಂದ ಒಂದು ಕುಡಿಯುವ ನೀರಿನ ಬಾವಿ ಮಂಜೂರಾಗಿತ್ತು. ಕೆಳಕೇರಿಯ ಹೆಂಗಸರು ಬೇಸಿಗೆಯಲ್ಲಿ ಹಳ್ಳದ ಗುಂಡಿಯಿಂದ ನೀರು ಹೊರುತ್ತಿದ್ದರು. ಬಾವಿ ಅಲ್ಲೇ ಆಗಬೇಕೆಂದು ಮಾದೇವಿ ಕೇಳಿದ್ದಳು, ಭಾಗೀರಥಕ್ಕ ಒಪ್ಪಿದ್ದರು. ಅದು ತಮ್ಮ ತೋಟದ ಬದಿಗೆ ಆಗಲಿ ಎಂದು ರಾಮಣ್ಣ ಒಂದು ಅರ್ಜಿ ಬರೆಸಿಕೊಂಡು ನೇರ ತಮ್ಮನ ಅಡಿಗೆಮನೆಗೆ ಬಂದರು. ಅಂದು ನಾನು ಊಟಕ್ಕೆ ಕುಳಿತಿದ್ದೆ.

"ತಮಾ, ಇದಕ್ಕೊಂದು ಸಹಿ ಹಾಕ್ಸಿ ಕೊಡು."

"ಸಹಿ ಅಧ್ಯಕ್ಷರದ್ದು, ಅಣ್ಣ. ಅವು ಆಫೀಸಲ್ಲಿ ಇದ್ದ."

"ನೀ ಹೇಳಿದ್ರೆ ಹಾಕ್ತು. ಹೆಂಡ್ತಿಗೆ ಹೇಳಲೆ ಆಗ್ತಿಲ್ಯಾ ನಿಂಗೆ?"

"ಹೇಳಲೆ ಆಗ್ತು. ಹೇಳ್ತ್ನಿಲ್ಲೆ."

ರಾಮಣ್ಣನ ದನಿ ಏರಿತು. "ಯನ್ನ ತಮ್ಮ ಹೇಳಲೆ ನಾಚಿಕೆ ಆಗ್ತು. ಗಂಡಸಾಗಿ ಮನೇಲಿ ಕೂತ್ಕಂಡು ತಂಬ್ಳಿ ಬೀಸ್ತೆ!"

ಭಟ್ಟರು ಸೌಟು ಕೆಳಗಿಡಲಿಲ್ಲ. "ಸಾವಿರ ಜನಕ್ಕೆ ಬೇಯ್ಸಿದಾಗ ಭಟ್ರು ಭಟ್ರು ಹೇಳಿ ಶಾಲು ಹೊದೆಸಿದ್ದು ನೀನೇಯ. ಮೂರು ಜನಕ್ಕೆ ಬೇಯ್ಸಿದ್ರೆ ನಾಚಿಕೆಯಾ? ಎಷ್ಟು ಜನರ ಮೇಲಾದ್ರೆ ಮರ್ಯಾದೆ ಹೇಳದು ಹೇಳಿಬಿಡು ಅಣ್ಣ, ಅಷ್ಟು ಜನರ ಕರಕಂಡು ಬತ್ತೆ."

ರಾಮಣ್ಣ ಅರ್ಜಿ ಮಡಚಿಕೊಂಡು ಹೊರಟುಹೋದರು. ಮುಂದಿನ ಸಭೆಯಲ್ಲಿ ಭಾಗೀರಥಕ್ಕ ಠರಾವನ್ನು ಬೆರಳಿಟ್ಟು ಒಂದೊಂದೇ ಶಬ್ದ ಓದಿದರು. ಇಬ್ಬರು ಸದಸ್ಯರು ಆಕಳಿಸಿದರು. ಅಕ್ಕ ನಿಲ್ಲಿಸಿ, ಅವರ ಆಕಳಿಕೆ ಮುಗಿಯುವವರೆಗೆ ಕಾದು, ಮತ್ತೆ ಮೊದಲಿನಿಂದ ಓದಿದರು. ಬಾವಿ ಕೆಳಕೇರಿಗೇ ಆಯಿತು.

ಅದಕ್ಕೆ ಬೆಲೆ ತೆತ್ತವರು ಭಟ್ಟರು. ಆ ವರ್ಷದ ಮದುವೆಗಳಿಗೆ ಅವರಿಗೆ ಕರೆ ಬರಲಿಲ್ಲ. ಹೆಂಡತಿಯ ಗುಲಾಮ, ಬೆಳ್ಳುಳ್ಳಿ ಮುಟ್ಟಿದ ಕೈ, ಹೀಗೆ ಮಾತು ಹೊರಟಿತ್ತು. ರಾಮಣ್ಣ ತಮ್ಮ ಮಗಳ ಮದುವೆಗೂ ಬೇರೆ ಕಡೆಯಿಂದ ಅಡಿಗೆಯವರನ್ನು ಕರೆಸಿದರು. ತಮ್ಮನಿಗೆ ಬಂದದ್ದು ಬರೀ ಆಮಂತ್ರಣ ಪತ್ರಿಕೆ. ಹೋಗುವುದಿಲ್ಲವೆಂದುಕೊಂಡಿದ್ದೆ, ಭಟ್ಟರು ಮಡಿ ಪಂಚೆ ಉಟ್ಟು ಎಲ್ಲರಿಗಿಂತ ಮೊದಲು ಹೊರಟರು. ಪಂಕ್ತಿಯ ನಡುವೆ ಕುಳಿತರು. ಎಲ್ಲರ ಕಣ್ಣೂ ಅವರ ಎಲೆಯ ಮೇಲೆ. ಹುಳಿಯನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡು, ಬಡಿಸುವವನಿಗೆ ಕೇಳುವಂತೆ "ಚಲೋ ಆಯ್ದು" ಎಂದರು. ಮನೆಗೆ ಹೊರಟೆವು. ಗೇಟಿನ ಹತ್ತಿರ ನಿಂತು, "ಕೊತ್ತಂಬರಿ ಹುರಿದದ್ದು ಜಾಸ್ತಿ ಆಯ್ದು" ಎಂದರು. ಅಷ್ಟೇ. ಭಾಗೀರಥಕ್ಕ ಅವರ ಕೈ ಹಿಡಿದದ್ದನ್ನು ನೋಡಿ ನಾನು ಮುಂದೆ ನಡೆದೆ.

ಕೆಳಕೇರಿಯ ಬಾವಿಯಲ್ಲಿ ನೀರು ಬಂದ ದಿನ ಮಾತ್ರ ಭಟ್ಟರನ್ನು ಯಾರೂ ಕರೆಯಬೇಕಾಗಲಿಲ್ಲ. ತಾವೇ ಕೊಪ್ಪರಿಗೆ ಹೊರಿಸಿಕೊಂಡು ಹೋದರು. ನೂರು ಜನಕ್ಕೆ ಅನ್ನ, ಹುರುಳಿ ಸಾರು, ಬೆಲ್ಲದ ಪಾಯಸ. ದಂಡೆಯ ಮೇಲೆ ಎಲ್ಲರ ಸಾಲಿನಲ್ಲಿ ತಾವೂ ಕುಳಿತು ಉಂಡರು. ಮಾದೇವಿ ಸಾರು ಸುರಿದುಕೊಂಡು ಬೆರಳು ನೆಕ್ಕಿದಳು. "ಪಾಸಾದ್ರಿ ಭಟ್ರೆ" ಎಂದಳು.

ಮುಂದಿನ ಅವಧಿಗೆ ಮೀಸಲಾತಿ ಬದಲಾಯಿತು, ಭಾಗೀರಥಕ್ಕನ ಕುರ್ಚಿ ಹೋಯಿತು. ಇನ್ನಾದರೂ ಸೌಟು ಬಿಡು ಎಂದು ರಾಮಣ್ಣ ಹೇಳಿಕಳಿಸಿದರಂತೆ. "ಅಧ್ಯಕ್ಷಗಿರಿ ಮುಗತ್ತು, ಹಸಿವೆ ಮುಗದ್ದಿಲ್ಲೆ" ಎಂದು ಇವರು ಉತ್ತರ ಕಳಿಸಿದರು. ಅಕ್ಕ ಹೆಂಗಸರ ಉಳಿತಾಯ ಸಂಘ ಕಟ್ಟಿಕೊಂಡು ಊರೂರು ತಿರುಗತೊಡಗಿದರು. ಒಲೆ ಭಟ್ಟರ ಕೈಯಲ್ಲೇ ಉಳಿಯಿತು. ಒಂದೊಂದಾಗಿ ಮದುವೆಯ ಕರೆಗಳೂ ಮತ್ತೆ ಬಂದವು, ಆದರೆ ತಿಂಗಳಿಗೆ ಎರಡಕ್ಕಿಂತ ಹೆಚ್ಚು ಅವರು ಒಪ್ಪುತ್ತಿರಲಿಲ್ಲ.

ನನಗೆ ಯಲ್ಲಾಪುರ ತಾಲೂಕಿಗೆ ವರ್ಗವಾಯಿತು. ಮದುವೆಯಾದ ಮೇಲೆ ಹೆಂಡತಿಯನ್ನು ಕರೆದುಕೊಂಡು ಹೋಗಿದ್ದೆ. ಅದೇ ಕೊನೆಯ ಭೇಟಿ. ಭಟ್ಟರು ತೆಳುವಾಗಿದ್ದರು, ಮೆಟ್ಟಿಲು ಹತ್ತಿದರೆ ಏದುಸಿರು. ಬಡಿಸುತ್ತ ನನ್ನ ಹೆಂಡತಿಯನ್ನು ಕೇಳಿದರು: "ಮನೇಲಿ ಅಡಿಗೆ ಯಾರ್ದು ತಂಗಿ?"

"ಐತವಾರ ಇವರು ಮಾಡ್ತಾರ್ರಿ" ಎಂದು ಅವಳು ಹೆಮ್ಮೆಯಿಂದಲೇ ಹೇಳಿದಳು.

ಭಟ್ಟರು ನನ್ನ ಕಡೆ ತಿರುಗಿದರು. "ವಾರಕ್ಕೆ ಒಂದಿನ ಮಾಡಿದ್ರೆ ಅದು ಮದುವೆ ಅಡಿಗೆ, ಸೆಕ್ರೆಟ್ರಿಯವ್ರೆ. ಆ ಕೆಲಸ ಯಂಗೂ ಬತ್ತಿತ್ತು." ಯಲ್ಲಾಪುರಕ್ಕೆ ಮರಳಿದ ಮೇಲೆ ಮೊದಲು ಮೂರು ದಿನ ನನ್ನದಾಯಿತು, ಆಮೇಲೆ ನಾಲ್ಕು.

ಎರಡು ಸಾವಿರದ ಏಳರ ಹೊತ್ತಿಗೆ ಭಟ್ಟರು ತೀರಿಕೊಂಡ ಸುದ್ದಿ ನನಗೆ ತಡವಾಗಿ ಮುಟ್ಟಿತು. ತಿಂಗಳು ಕಳೆದು ಹೋದೆ. ಅಷ್ಟು ದಿನ ಒಲೆ ನೋಡಿಕೊಂಡಿದ್ದ ಮಗಳು ಹಿಂದಿನ ದಿನವಷ್ಟೇ ತನ್ನ ಮನೆಗೆ ಮರಳಿದ್ದಳಂತೆ. ರಾಮಣ್ಣನ ಹೆಂಡತಿ, ಭಾಗೀರಥಕ್ಕನ ವಾರಗಿತ್ತಿ, ಜಗುಲಿಯಲ್ಲಿ ಕುಳಿತಿದ್ದರು. ಅಕ್ಕ ನನ್ನನ್ನು ಕಂಡವರೇ ಕಣ್ಣೊರೆಸಿಕೊಂಡು ಚಾ ಮಾಡಲು ಎದ್ದರು. ಒಳಗೆ ಡಬ್ಬಿಗಳ ಸದ್ದು ಬಹಳ ಹೊತ್ತು ನಡೆಯಿತು. ನಾನೂ ಎದ್ದುಹೋದೆ. ಅವರು ಒಂದೊಂದೇ ಮುಚ್ಚಳ ತೆರೆದು ನೋಡುತ್ತಿದ್ದರು. ಮೆಂತೆ, ಅವಲಕ್ಕಿ, ಒಣಮೆಣಸು.

ಜಗುಲಿಯಿಂದ ವಾರಗಿತ್ತಿಯ ದನಿ ಬಂತು: "ಎಂತ ಹೆಂಗಸೇ ನೀನು! ನಿನ್ನ ಮನೆ ಸಕ್ಕರೆ ಎಲ್ಲಿದ್ದು ಹೇಳಿ ನಿಂಗೆ ಗೊತ್ತಿಲ್ಯನೇ?"

ಭಾಗೀರಥಕ್ಕ ಕೈಯಲ್ಲಿದ್ದ ಡಬ್ಬಿ ಇಟ್ಟು ಬಾಗಿಲಿಗೆ ಹೋಗಿ ನಿಂತರು.

"ಗೊತ್ತಿಲ್ಲೆ, ಅಕ್ಕಯ್ಯ. ಹದಿಮೂರು ವರ್ಷ ಆತು, ಯಂಗೆ ಗೊತ್ತಿಲ್ಲೆ. ಗೊತ್ತಾಪ್ಪಂಗೆ ಅವು ಇಡಲೇ ಇಲ್ಲೆ."

ಹೇಳಿ ಒಳಗೆ ಬಂದು ಮತ್ತೆ ಹುಡುಕತೊಡಗಿದರು. ನಾನು ಮೇಲಿನ ಅಡ್ಡಹಲಗೆ ನೋಡಿದೆ, ಅವರು ಕೆಳಗಿನದು. ಸಕ್ಕರೆ ಸಿಗಲಿಲ್ಲ. ಕೊನೆಗೆ ಬೆಲ್ಲದ ಒಂದು ಚೂರು ಸಿಕ್ಕಿತು. ಅದನ್ನೇ ಹಾಕಿ ಚಾ ಮಾಡಿಕೊಂಡು, ಅಡಿಗೆಮನೆಯ ನೆಲದ ಮೇಲೆ ಕುಳಿತು ಇಬ್ಬರೂ ಕುಡಿದೆವು.