ಇಪ್ಪತ್ತು ರೂಪಾಯಿಗೆ ಕೊಂಡ ಕ್ಯಾಸೆಟ್ಟಿನ ಬಿ ಸೈಡ್

ಇಪ್ಪತ್ತು ರೂಪಾಯಿ. ಆ ಕ್ಯಾಸೆಟ್ಟಿಗೆ ನಾನು ಕೊಟ್ಟಿದ್ದು ಅಷ್ಟೇ. ಆಕೆ ಐವತ್ತು ಹೇಳಿದ್ದರು. ಮೂವತ್ತು ರೂಪಾಯಿ ಹೇಗೆ ಇಳಿಸಿದೆ ಅಂತ ಹೇಳಿದರೆ ನಿಮಗೆ ನನ್ನ ಮೇಲೆ ಸಿಟ್ಟು ಬರುತ್ತದೆ. ಬರಲಿ. ನನಗೇ ಇನ್ನೂ ಇಳಿದಿಲ್ಲ.

ಕಳೆದ ವರ್ಷ ದಸರಾ ಮುಗಿದ ವಾರದ ಮಾತು. ಮಾಗಡಿ ರಸ್ತೆಯಲ್ಲಿ ನನ್ನದೊಂದು ಅಂಗಡಿ ಇದೆ, ಹಳೇ ಬಾಗಿಲು, ಕಿಟಕಿ, ಗ್ರಿಲ್ಲುಗಳದ್ದು. ಮನೆ ಒಡೆಯುವವರು, ಹೊಸದಾಗಿ ಮಾಡಿಸುವವರು ಫೋನ್ ಮಾಡುತ್ತಾರೆ, ನಾನು ಹೋಗಿ ನೋಡಿ ದರ ಮಾಡಿ ತರುತ್ತೇನೆ. ಕೂಲಿಯಿಂದ ಶುರು ಮಾಡಿ ಇಷ್ಟಕ್ಕೆ ಬಂದವನು ನಾನು. ಯಾರೂ ಕೈಹಿಡಿದು ಕಲಿಸಲಿಲ್ಲ, ನಾನೇ ಕೆಲವು ಸೂತ್ರ ಮಾಡಿಕೊಂಡೆ. ಎದುರಿಗಿರುವವರ ಹೆಸರು ಕೇಳಬಾರದು ಅನ್ನುವುದು ಒಂದು. ಹೆಸರು ಗೊತ್ತಾದರೆ ದರ ಇಳಿಸಲು ಬಾಯಿ ಬರುವುದಿಲ್ಲ. ಇನ್ನೊಂದು, ಹತ್ತು ಸಾಮಾನು ಬೇಕಿದ್ದರೂ ಒಂದನ್ನೇ ತಗೊಂಡು ಉಳಿದದ್ದನ್ನು ಕಸ ಅಂದು ಬಂದುಬಿಡಬೇಕು. ಎರಡು ವಾರ ಬಿಟ್ಟು ಹೋದರೆ ಅವರಿಗೇ ಸಾಕಾಗಿರುತ್ತದೆ, ಅರ್ಧಕ್ಕೆ ಕೊಡುತ್ತಾರೆ.

ಅಂಗಡಿ ಬಿಟ್ಟರೆ ನನಗಿರುವ ಹುಚ್ಚು ಹಾಡಿನದು. ವಿಜಯನಗರದಲ್ಲಿ ಗಂಗಾಧರಪ್ಪ ಅಂತ ನಿವೃತ್ತ ಬಸ್ ಕಂಡಕ್ಟರ್ ಇದ್ದಾರೆ. ಭಾನುವಾರ ಬೆಳಿಗ್ಗೆ ಅವರ ಮನೆಯ ಕಾರ್ ಶೆಡ್ಡಿನಲ್ಲಿ ನಾವು ಐದಾರು ಜನ ಸೇರುತ್ತೇವೆ. ಕಾರಿಲ್ಲ, ಶೆಡ್ಡಿನ ತುಂಬ ಹಳೇ ರೆಕಾರ್ಡು, ಕ್ಯಾಸೆಟ್ಟು. ಸರದಿಯ ಮೇಲೆ ಒಬ್ಬೊಬ್ಬರು ಒಂದು ಆಲ್ಬಂ ತರಬೇಕು. ಆದರೆ ತರುವವನು ಮೊದಲೇ ಕೇಳಿರಬಾರದು. ಗಂಗಾಧರಪ್ಪನವರ ಕಟ್ಟಪ್ಪಣೆ ಅದು. "ಕೇಳ್ಕೊಂಡ್ ಬಂದ್ರೆ ಹೊಗಳೋಕ್ ಶುರು ಮಾಡ್ತೀರಿ. ಆಮೇಲೆ ನಮ್ ಕಿವಿ ನಮ್ದಾಗಿರಲ್ಲ" ಅನ್ನುತ್ತಾರೆ. ಒಂದು ವಾರ ಎ ಸೈಡ್, ಮುಂದಿನ ವಾರ ಬಿ ಸೈಡ್. ಎರಡೂ ಒಂದೇ ದಿನ ಹಾಕಿದರೆ ನಾಲಿಗೆಗೆ ರುಚಿ ಉಳಿಯುವುದಿಲ್ಲವಂತೆ.

ಆ ಮಂಗಳವಾರ ಬಸವೇಶ್ವರನಗರದ ಒಂದು ಮನೆಗೆ ಬಾಗಿಲು ನೋಡಲು ಹೋಗಿದ್ದೆ. ಮಹಡಿ ಮೇಲಿನ ಭಾಗವನ್ನು ಬಾಡಿಗೆಗೆ ಕೊಡಲು ರಿಪೇರಿ ಮಾಡಿಸುತ್ತಿದ್ದರು. ಮನೆಯ ಯಜಮಾನಿ ಅರವತ್ತರ ಹತ್ತಿರದ ಹೆಂಗಸು, ಗಡುಸು ದನಿ, ಗದ್ದದ ಮೇಲೊಂದು ಮಚ್ಚೆ. ನಾನು 'ಆಂಟಿ' ಎಂದೇ ಮಾತಾಡಿದೆ. ಕೆಳಗಿನ ಮುಂಬಾಗಿಲನ್ನೂ ಬದಲಿಸುತ್ತಿದ್ದರು, ಆ ಹಳೇ ತೇಗದ ಬಾಗಿಲಿಗೆ ಅರ್ಧ ಗಂಟೆ ಜಗ್ಗಾಡಿದೆವು. ವ್ಯಾಪಾರ ಮುಗಿದ ಮೇಲೆ ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಕಂಡಿತು. ಒಳಗೆ ಒಂದೇ ಥರದ ನಲವತ್ತು ಕ್ಯಾಸೆಟ್ಟು, ಪ್ಲಾಸ್ಟಿಕ್ ಹೊದಿಕೆಯೂ ಬಿಚ್ಚಿರಲಿಲ್ಲ. ಮೇಲೆ ಎರಡು ಜಡೆಯ ಹುಡುಗಿಯ ಮಾಸಿದ ಫೋಟೊ. ರಾಗಿ ಬೀಸುವ ಪದಗಳು, ಹಾಡಿದವರು ಕುಮಾರಿ ಪುಟ್ಟಲಕ್ಷ್ಮಮ್ಮ ಅಂತ ಅಚ್ಚಾಗಿತ್ತು.

ನನ್ನ ಸರದಿ ಆ ಭಾನುವಾರವೇ ಇತ್ತು.

"ಇದೆಷ್ಟು ಆಂಟಿ?"

"ಒಂದಕ್ಕೆ ಐವತ್ತು ಕೊಡಿ. ಎಲ್ಲಾ ತಗೊಂಡ್ರೆ ನೋಡೋಣ."

"ಐವತ್ತಾ? ಇದ್ಯಾರೋ ಹಾಡಿರೋದು, ಹೆಸರೂ ಕೇಳಿಲ್ಲ. ಟೇಪ್ ರೆಕಾರ್ಡರ್ ಯಾರ ಮನೇಲಿದೆ ಈಗ? ಸುಮ್ನೆ ಜಾಗಕ್ ದಂಡ, ಆಂಟಿ. ಹಳೇ ಪೇಪರ್‌ನವನಿಗೆ ಹಾಕಿ, ಪ್ಲಾಸ್ಟಿಕ್ ಲೆಕ್ಕದಲ್ಲಾದ್ರೂ ಏನಾದ್ರೂ ಬರುತ್ತೆ."

ಆಕೆ ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ, "ಹೋಗ್ಲಿ ಬಿಡಿ. ಇಪ್ಪತ್ತು ಕೊಟ್ಟು ತಗೊಂಡೋಗಿ" ಅಂದರು. ನನಗೆ ಒಳಗೊಳಗೇ ಖುಷಿ. ಎರಡು ವಾರ ಬಿಟ್ಟು ಪೆಟ್ಟಿಗೆಯನ್ನೇ ಎತ್ತಿಕೊಂಡು ಬರೋಣ ಅಂತ ಲೆಕ್ಕ ಹಾಕಿದೆ. ನಿಯಮದ ಪ್ರಕಾರ ಕ್ಯಾಸೆಟ್ಟನ್ನು ಕೇಳದೆ, ಅಂಗಡಿಯ ಡ್ರಾಯರಿನಲ್ಲಿಟ್ಟೆ.

ಭಾನುವಾರ ಶೆಡ್ಡಿನಲ್ಲಿ ಎ ಸೈಡ್ ಹಾಕಿದೆವು. ಹಿಮ್ಮೇಳ ಅಂತ ಏನೂ ಇಲ್ಲ. ಬೀಸೋ ಕಲ್ಲಿನ ಗರಗರ ಸದ್ದು, ಅದರ ಮೇಲೆ ಒಂದು ಹೆಣ್ಣುದನಿ. ಎರಡು ಸಾಲು ಆಗುವಷ್ಟರಲ್ಲಿ ಗಂಗಾಧರಪ್ಪ ಕಾಫಿ ಲೋಟ ಕೆಳಗಿಟ್ಟರು. ಹಾವೇರಿ ಕಡೆಯ ಮಲ್ಲು ಅಂತ ಒಬ್ಬ ಬರುತ್ತಾನೆ, ಊಟದ ಡೆಲಿವರಿ ಮಾಡುವವನು, ಎರಡು ಮಕ್ಕಳ ತಂದೆ. ಆರ್ಡರ್ ಬರುವ ಫೋನನ್ನು ಅವನು ಆಫ್ ಮಾಡಿ ಜೇಬಿಗಿಟ್ಟ. ನಾನು ಮೂವತ್ತು ವರ್ಷದಿಂದ ಹಾಡು ಕೇಳುತ್ತಿದ್ದೇನೆ, ಅಂಥ ದನಿ ಕೇಳಿಲ್ಲ. ದುಡಿದು ದಣಿದ ಕೈ ಹಾಡಿದರೆ ಹೇಗಿರುತ್ತೋ ಹಾಗೆ.

ಮೂರನೇ ಪದದ ನಡುವೆ ಆಕೆ ತಪ್ಪಿದರು. ಸ್ಟುಡಿಯೊದವರು ಅದನ್ನು ತೆಗೆಯುವ ಗೋಜಿಗೇ ಹೋಗಿರಲಿಲ್ಲ. ಕಲ್ಲು ನಿಂತಿತು, ಸಣ್ಣ ನಗು, ಆಮೇಲೆ ಮಾತು: "ಹೋಗ್ಲಿ ಬಿಡಿ, ಮೊದ್ಲಿಂದ ಹಾಡ್ತೀನಿ."

ಮಂಗಳವಾರ ಕೇಳಿದ್ದ ಅದೇ 'ಹೋಗ್ಲಿ ಬಿಡಿ'. ಕವರನ್ನು ಬೆಳಕಿಗೆ ಹಿಡಿದು ನೋಡಿದೆ. ಎರಡು ಜಡೆಯ ಹುಡುಗಿಯ ಗದ್ದದ ಮೇಲೆ ಮಚ್ಚೆ. ಅರ್ಧ ಗಂಟೆ ಆ ಮುಖವನ್ನೇ ನೋಡಿಕೊಂಡು ಜಗ್ಗಾಡಿದ್ದೆನಲ್ಲ! ಮುಖ ನೋಡಿ ದರ ಹೇಳುವುದೇ ನನ್ನ ಕಸುಬು, ಫೋಟೊದ ಮುಖ ಮಾತ್ರ ಕಂಡಿರಲಿಲ್ಲ.

ನಡೆದದ್ದನ್ನು ಹೇಳಿದೆ. ಗಂಗಾಧರಪ್ಪ ಎದ್ದು ನಿಂತರು. "ಏನ್ರೀ ರಾಜಣ್ಣ, ಬಾಗಿಲಿಗೂ ಹಾಡಿಗೂ ಒಂದೇ ತಕ್ಕಡಿನಾ ನಿಮ್ದು? ಹಾಡ್ದೋರ ಎದುರಿಗೇ ನಿಂತು ಕಸ ಅಂದ್ರಾ?"

"ನನಗೇನ್ ಗೊತ್ತು ಸಾರ್? ಕೇಳ್ದೆ ತರ್ಬೇಕು ಅನ್ನೋ ನಿಯಮ ಮಾಡಿದ್ ನೀವು. ಅವತ್ತೇ ಕೇಳಿದ್ರೆ ಅವತ್ತೇ ಓಡೋಗ್ತಿದ್ದೆ!"

"ನಿಯಮ ಕೇಳ್ಬೇಡಿ ಅಂದಿತ್ತು. ಬಾಯಿಗ್ ಬಂದಂಗ್ ಮಾತಾಡಿ ಅಂದಿರ್ಲಿಲ್ಲ."

"ಜಗಳ ಆಮ್ಯಾಲ್ ಆಡ್ರಿ," ಅಂದ ಮಲ್ಲು, ಹೆಲ್ಮೆಟ್ ಎತ್ತಿಕೊಳ್ಳುತ್ತ. "ಡಬ್ಬಿ ಇನ್ನೂ ಐತೋ ಇಲ್ಲೋ ನೋಡೂಣು, ನಡ್ರಿ."

ಕ್ಯಾಸೆಟ್ಟನ್ನು ಜೇಬಿಗೆ ಹಾಕಿಕೊಂಡು, ಮಲ್ಲುವಿನ ಗಾಡಿಯ ಹಿಂದೆ ಕೂತು ಬಸವೇಶ್ವರನಗರಕ್ಕೆ ಹೋದೆ. ಗೇಟಿನ ಹತ್ತಿರವೇ ಸಿಕ್ಕರು. "ಅಮ್ಮಾ, ಪುಟ್ಟಲಕ್ಷ್ಮಮ್ಮ ಅಂದ್ರೆ ನೀವೇನಾ?" ಅಂದೆ. ಆಂಟಿ ಅನ್ನಲು ನಾಲಿಗೆ ಏಳಲಿಲ್ಲ.

"ಹೌದು. ಯಾಕೆ?"

"ಪೆಟ್ಟಿಗೆ..."

"ಗುರುವಾರಾನೇ ಹಳೇ ಪೇಪರ್‌ನೋನಿಗೆ ಹಾಕ್ದೆ. ನೀವೇ ಹೇಳಿದ್ರಲ್ಲ ಸಾರ್."

"ನಿಮಗೂ ಒಂದು ಇಟ್ಕೊಳ್ಳಲಿಲ್ವಾ?"

"ಇಟ್ಕೊಂಡಿದ್ದೆ. ಆಮೇಲೆ ಅನ್ನಿಸ್ತು, ಯಾರೂ ಕೇಳ್ದೆ ಇರೋದನ್ನ ಇಟ್ಕೊಂಡು ನಾನೊಬ್ಳು ಏನ್ ಮಾಡ್ಲಿ ಅಂತ. ಅದನ್ನೂ ಹಾಕ್ಬಿಟ್ಟೆ."

ನನಗೆ ಸಿಟ್ಟು ನೆತ್ತಿಗೇರಿತು, ಆಕೆಯ ಮೇಲೇ. "ಹಾಡಿದ್ದು ನಾನೇ ಅಂತ ಒಂದ್ ಮಾತು ಹೇಳ್ಬಾರದಿತ್ತೇನಮ್ಮಾ?"

"ನೀವ್ ಕೇಳಿದ್ರಾ?" ಅಂದರು. ದನಿಯೂ ಏರಿಸಲಿಲ್ಲ.

ಹಳೇ ಪೇಪರ್‌ನವನು ಮಾಲು ಹಾಕುವ ಗುಜರಿ ಅಂಗಡಿ ಯಾವುದೆಂದು ಕೇಳಿಕೊಂಡು ಅಲ್ಲಿಗೆ ಓಡಿದೆವು. ಪ್ಲಾಸ್ಟಿಕ್ಕೆಲ್ಲ ಶುಕ್ರವಾರದ ಲೋಡಿಗೇ ಹೋಗಿತ್ತು. ಕಾಗದದ ಮೂಟೆ ಮಾತ್ರ ಉಳಿದಿತ್ತು. ಮಲ್ಲು ಮತ್ತು ನಾನು ಅದರೊಳಗೆ ಕೈಹಾಕಿ ಕೆದಕಿದೆವು, ಕ್ಯಾಸೆಟ್ಟಿನಿಂದ ಕಿತ್ತು ಹಾಕಿದ ಹನ್ನೊಂದು ಕವರು ಸಿಕ್ಕವು, ಎರಡು ಜಡೆಯ ಹನ್ನೊಂದು ಹುಡುಗಿಯರು. ಅಂಗಡಿಯವನು ನನ್ನ ಮುಖ ನೋಡಿಯೇ ಅಳತೆ ಹಿಡಿದುಬಿಟ್ಟ, ಬಾಯಿಗೆ ಬಂದ ದರ ಹೇಳಿದ. ಜೀವಮಾನದಲ್ಲಿ ಮೊದಲ ಸಲ ಕೇಳಿದಷ್ಟು ಕೊಟ್ಟೆ.

ಮತ್ತೆ ಆಕೆಯ ಮನೆಗೆ ಹೋಗಿ ಕವರುಗಳನ್ನೂ ನನ್ನಲ್ಲಿದ್ದ ಕ್ಯಾಸೆಟ್ಟನ್ನೂ ಮುಂದಿಟ್ಟೆ. "ಇದೊಂದೇ ಉಳಿದಿರೋದು. ನಿಮ್ಮದು, ತಗೊಳ್ಳಿ."

"ಬಿ ಸೈಡ್ ಕೇಳಿದ್ರಾ?"

"ಇಲ್ಲಮ್ಮ. ಅದು ಮುಂದಿನ ಭಾನುವಾರಕ್ಕೆ ಅಂತ..."

"ಅದ್ರಲ್ಲಿ ನಮ್ಮಮ್ಮನೂ ಹಾಡಿದಾರೆ. ನಾಗರಬಾವಿ ಇನ್ನೂ ಹಳ್ಳಿಯಾಗಿದ್ದಾಗ ನಮ್ದು ಅಲ್ಲೇ ಹೊಲ. ಸ್ಟುಡಿಯೊಗೆ ಬೀಸೋ ಕಲ್ಲು ಹೊರಿಸ್ಕೊಂಡು ಹೋಗಿದ್ದು ಅವರೇ. ಅವರ ದನಿ ಇನ್ನೆಲ್ಲೂ ಇಲ್ಲ."

ಒಳಗೆ ಹೋಗಿ ಬಂದರು. ನನ್ನ ಕೈಗೆ ಎರಡು ಹತ್ತರ ನೋಟಿಟ್ಟು ಕ್ಯಾಸೆಟ್ ತಗೊಂಡರು. ಬೇಡ ಅಂದೆ. "ಇಟ್ಕೊಳ್ಳಿ. ಕೊಂಡಿದ್ದು ನೀವು, ಈಗ ಕೊಳ್ತಿರೋದು ನಾನು" ಅಂದರು. ಮಲ್ಲು ಕೈಮುಗಿದ. "ಅಮ್ಮಾರ, ಒಂದ್ ಸಲ ಕೊಡ್ರಿ. ಮೊಬೈಲಿಗೆ ಹಾಕ್ಸಿ ಇವತ್ತ ಸಂಜಿಗೆ ತಂದ್ ಕೊಡ್ತೇವಿ."

"ಹೋಗ್ಲಿ ಬಿಡಿ" ಅಂದು ಬಾಗಿಲು ಹಾಕಿಕೊಂಡರು. ಅದು ಹೊಸ ಬಾಗಿಲು. ಹಳೆಯದು ನನ್ನ ಅಂಗಡಿಯಲ್ಲಿತ್ತು.

ಆಮೇಲೆ ಎರಡು ಸಲ ಹೋಗಿದ್ದೇನೆ. ನೀರು ಕೊಡುತ್ತಾರೆ, ಮಾತಾಡಿಸುತ್ತಾರೆ, ಕ್ಯಾಸೆಟ್ಟಿನ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಾರೆ. ಟೇಪು ಹಳೆಯದು, ಇನ್ನೆಷ್ಟು ದಿನ ತಡೆಯುತ್ತೋ ಗೊತ್ತಿಲ್ಲ. ಅವರ ಮನೆಯಲ್ಲಿ ಅದನ್ನು ಕೇಳಲು ಟೇಪ್ ರೆಕಾರ್ಡರೂ ಇಲ್ಲ. ಒಂದು ಕೊಂಡು ಕೊಡುತ್ತೇನೆ ಅಂದೆ, ಅದಕ್ಕೂ ಬೇಡ ಅಂದರು. ಗಂಗಾಧರಪ್ಪ ಈಗ ಹಳೇ ನಿಯಮ ತೆಗೆದುಹಾಕಿದ್ದಾರೆ. ತೆಗೆದು ಏನು ಬಂತು? "ಒಂದು ಕ್ಯಾಸೆಟ್ ತಾನೇ ರಾಜಣ್ಣ, ಎಷ್ಟು ದಿನ ಅದನ್ನೇ ಹೇಳ್ತೀಯ" ಅನ್ನುವವರಿದ್ದಾರೆ. ಅಂಥವರ ಜೊತೆ ನಾನು ವ್ಯಾಪಾರವನ್ನೂ ಮಾಡುವುದಿಲ್ಲ.

ನೀವು ಯಾರ ಮನೆಗಾದರೂ ಹಳೇ ಸಾಮಾನು ಕೊಳ್ಳಲು ಹೋದರೆ, ಚೌಕಾಸಿ ಮಾಡಿ, ಬೇಡ ಅನ್ನುವುದಿಲ್ಲ. ಬಾಗಿಲಿಗೆ ಗೆದ್ದಲು ಹತ್ತಿದೆ ಅನ್ನಿ, ಗ್ರಿಲ್ ತುಕ್ಕು ಹಿಡಿದಿದೆ ಅನ್ನಿ. ಹಾಡನ್ನು ಮಾತ್ರ ಕೇಳದೆ ಹೀಗಳೆಯಬೇಡಿ. ದರ ಕೇಳುವ ಮೊದಲು ಹೆಸರು ಕೇಳಿ, ಹತ್ತು ರೂಪಾಯಿ ಜಾಸ್ತಿಯಾದರೆ ಆಗಲಿ. ಹಳೇ ಕ್ಯಾಸೆಟ್ ಕೈಗೆ ಬಂದರೆ ತಕ್ಷಣ ಟೇಪ್ ರೆಕಾರ್ಡರಿಗೆ ತುರುಕಬೇಡಿ, ಸುತ್ತು ಅಂಟಿಕೊಂಡಿರುತ್ತದೆ. ಪೆನ್ಸಿಲ್ ತೂರಿಸಿ ಈ ಕಡೆಯಿಂದ ಆ ಕಡೆಗೆ ಒಮ್ಮೆ ನಿಧಾನವಾಗಿ ಸುತ್ತಿ. ಆಮೇಲೆ ಭಾನುವಾರಕ್ಕೆ ಕಾಯದೆ, ಯಾರ ನಿಯಮಕ್ಕೂ ಕಾಯದೆ, ಅವತ್ತೇ ಮೊಬೈಲಿಗೆ ಇಳಿಸಿಕೊಳ್ಳಿ. ಎರಡೂ ಸೈಡ್.